ನಾಲ್ಕು ಜನರ ಮುಂದಿನ ಭಯ: ಸಾಮಾಜಿಕ ಆತಂಕ ಬೆಳೆಯುವುದು ಹೇಗೆ, ಇಳಿಯುವುದು ಹೇಗೆ

ಕಾಲೇಜುಗಳು ಆರಂಭವಾಗುವ ದಿನಗಳಲ್ಲಿ ರಾಜ್ಯದ ಬಹುತೇಕ ತರಗತಿಗಳಲ್ಲಿ ಒಂದು ಪದ್ಧತಿ ನಡೆಯುತ್ತದೆ. ಅಧ್ಯಾಪಕರು ಮೊದಲ ಬೆಂಚಿನಿಂದ ಶುರುಮಾಡಿ ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರು, ಊರು, ಹಿಂದೆ ಓದಿದ ಕಾಲೇಜು, ಹವ್ಯಾಸ ಕೇಳುತ್ತಾರೆ. ಹೆಚ್ಚಿನವರಿಗೆ ಅದು ಅರ್ಧ ನಿಮಿಷದ ಕೆಲಸ. ಕೆಲವರಿಗೆ ಮಾತ್ರ ತಮ್ಮ ಸರದಿ ಬರುವಷ್ಟರಲ್ಲಿ ಬಾಯಿ ಒಣಗಿರುತ್ತದೆ, ಎದೆ ಹೊಡೆದುಕೊಳ್ಳುತ್ತಿರುತ್ತದೆ, ಅಲ್ಲಿಯವರೆಗೆ ಎದ್ದು ನಿಂತವರಲ್ಲಿ ಒಬ್ಬರ ಹೆಸರೂ ಕಿವಿಗೆ ಬಿದ್ದಿರುವುದಿಲ್ಲ. ಮುಂದೆ ಇವರೇ ಸೆಮಿನಾರಿನ ದಿನ ಜ್ವರವೆಂದು ರಜೆ ಹಾಕುತ್ತಾರೆ. ಕ್ಯಾಂಪಸ್ ಸಂದರ್ಶನದ ಗುಂಪು ಚರ್ಚೆಯಲ್ಲಿ ಗೊತ್ತಿದ್ದ ಉತ್ತರವನ್ನೂ ನುಂಗಿಕೊಂಡು ಕೂರುತ್ತಾರೆ. ಮನೆಯವರು "ಅವನದು ಸಂಕೋಚದ ಸ್ವಭಾವ" ಎಂದು ಸುಮ್ಮನಾಗುತ್ತಾರೆ. ಸ್ನೇಹಿತರು "ಆತ್ಮವಿಶ್ವಾಸ ಬೆಳೆಸಿಕೋ" ಎನ್ನುತ್ತಾರೆ. ಅದನ್ನು ಬೆಳೆಸಿಕೊಳ್ಳುವ ಬಗೆಯನ್ನು ಮಾತ್ರ ಯಾರೂ ಹೇಳುವುದಿಲ್ಲ.

ಈ ಭಯ ಹೇಗೆ ಹುಟ್ಟುತ್ತದೆ ಎನ್ನುವುದಕ್ಕಿಂತ, ಹುಟ್ಟಿದ ಮೇಲೆ ಏಕೆ ಹೋಗುವುದಿಲ್ಲ ಎಂಬುದು ಹೆಚ್ಚು ಉಪಯುಕ್ತವಾದ ಪ್ರಶ್ನೆ. ಮನೋವಿಜ್ಞಾನಿಗಳು ಇದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರ ಕಂಡುಕೊಂಡಿದ್ದಾರೆ. ನಾವೇ ಮಾಡಿಕೊಳ್ಳಬಹುದಾದ ಅಭ್ಯಾಸಗಳೆಲ್ಲ ಆ ಉತ್ತರದಿಂದಲೇ ಬಂದವು.

ಸಂಕೋಚ ಯಾವುದು, ಸಾಮಾಜಿಕ ಆತಂಕ ಯಾವುದು?

ಇತರರು ನಮ್ಮನ್ನು ಗಮನಿಸುತ್ತಾರೆ, ಅಳೆಯುತ್ತಾರೆ ಎನ್ನಿಸುವ ಸಂದರ್ಭಗಳಲ್ಲಿ ಏನೋ ಎಡವಟ್ಟಾಗಿ ನಗೆಪಾಟಲಾಗುತ್ತೇವೆ ಎಂಬ ಬಲವಾದ ಭಯಕ್ಕೆ ಸಾಮಾಜಿಕ ಆತಂಕ ಎನ್ನುತ್ತಾರೆ. ವೇದಿಕೆ ಹತ್ತಿದಾಗಿನ ಸಭಾಕಂಪನ ಇದರ ಒಂದು ಮುಖವಷ್ಟೇ. ಮದುವೆಯ ಪಂಕ್ತಿಯಲ್ಲಿ ಎದುರು ಸಾಲಿನವರ ಕಣ್ಣಿಗೆ ಬೀಳುವಂತೆ ಕುಳಿತು ಊಟ ಮಾಡುವುದು, ಬ್ಯಾಂಕಿನ ಸಿಬ್ಬಂದಿ ನೋಡುತ್ತಿರುವಾಗ ಸಹಿ ಹಾಕುವುದು, ಅಪರಿಚಿತರಿಗೆ ಫೋನ್ ಮಾಡುವುದು, ಮೇಲಧಿಕಾರಿಯ ಕೋಣೆಗೆ ಹೋಗಿ ರಜೆ ಕೇಳುವುದು, ಕೊಂಡ ಬಟ್ಟೆಯನ್ನು ಅಂಗಡಿಗೆ ಹಿಂದಿರುಗಿಸುವುದು, ಇವೆಲ್ಲವೂ ಕೆಲವರಿಗೆ ಅಷ್ಟೇ ಕಠಿಣ.

ಮಿತಭಾಷಿಗಳೆಲ್ಲ ಈ ಗುಂಪಿಗೆ ಸೇರಿದವರಲ್ಲ. ಒಂಟಿಯಾಗಿರುವುದೇ ಇಷ್ಟವಾಗಿ ಗೃಹಪ್ರವೇಶಕ್ಕೆ ಹೋಗದವರು ಮನೆಯಲ್ಲಿ ಹಾಯಾಗಿರುತ್ತಾರೆ. ಸಾಮಾಜಿಕ ಆತಂಕ ಇರುವವರಿಗೆ ಹೋಗಬೇಕೆಂಬ ಆಸೆ ಇರುತ್ತದೆ. ಹೋಗಲಾಗದೆ ಉಳಿದು, ಉಳಿದದ್ದಕ್ಕಾಗಿ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಇದನ್ನು ಉಳಿದ ಭಯಗಳಿಂದ ಬೇರ್ಪಡಿಸಿ ನೋಡಲು ಆರಂಭಿಸಿದ್ದು 1966ರಲ್ಲಿ, ಲಂಡನ್ನಿನ ಮನೋವೈದ್ಯರಾದ ಐಸಾಕ್ ಮಾರ್ಕ್ಸ್ ಮತ್ತು ಮೈಕೇಲ್ ಗೆಲ್ಡರ್. ಅಮೆರಿಕದ ಮನೋವೈದ್ಯರ ಸಂಘದ ರೋಗಪಟ್ಟಿಗೆ ಇದು ಸೇರಿದ್ದು 1980ರಲ್ಲಿ. ಇಂದಿನ ಮಾನದಂಡದ ಪ್ರಕಾರ ಭಯ ಸಾಮಾನ್ಯವಾಗಿ 6 ತಿಂಗಳು ಅಥವಾ ಹೆಚ್ಚು ಕಾಲ ಉಳಿದಿರಬೇಕು, ಸಂದರ್ಭಕ್ಕೆ ಮೀರಿದ್ದಾಗಿರಬೇಕು, ಓದು, ಉದ್ಯೋಗ ಅಥವಾ ಸಂಬಂಧಗಳಿಗೆ ಅಡ್ಡಿಯಾಗುತ್ತಿರಬೇಕು. ಆಗ ಮಾತ್ರ ಅದನ್ನು ಕಾಯಿಲೆ ಎನ್ನುತ್ತಾರೆ. ಸಂದರ್ಶನದ ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ ಅದು ಕಾಯಿಲೆಯಲ್ಲ.

ಬಹುಮಟ್ಟಿಗೆ ಇದು ಕಾಣಿಸಿಕೊಳ್ಳುವುದು 13ರ ಆಸುಪಾಸಿನಲ್ಲಿ, ಅಂದರೆ ಓರಗೆಯವರ ಅಭಿಪ್ರಾಯ ಅಪ್ಪ ಅಮ್ಮನ ಅಭಿಪ್ರಾಯಕ್ಕಿಂತ ದೊಡ್ಡದಾಗುವ ಪ್ರೌಢಶಾಲೆಯ ವಯಸ್ಸಿನಲ್ಲಿ. ಆ ಪ್ರಾಯದಲ್ಲಿ ಬಂದದ್ದನ್ನು ಎಲ್ಲರೂ ಸ್ವಭಾವವೆಂದೇ ತಿಳಿಯುವುದರಿಂದ ಚಿಕಿತ್ಸೆಯ ಯೋಚನೆಯೇ ಬರುವುದಿಲ್ಲ. ಬಂದರೂ ವರ್ಷಗಟ್ಟಲೆ ತಡವಾಗಿ.

ದೇಹದಲ್ಲಿ ಆಗುವುದೇನು?

ಅಪಾಯವಿದೆ ಎಂದು ಮಿದುಳು ತೀರ್ಮಾನಿಸಿದೊಡನೆ ಅಡ್ರಿನಲಿನ್ ಬಿಡುಗಡೆಯಾಗುತ್ತದೆ. ಹೃದಯಬಡಿತ ಏರುತ್ತದೆ, ಬೆವರು ಕಿತ್ತುಬರುತ್ತದೆ, ಬಾಯಿ ಒಣಗುತ್ತದೆ, ಸ್ನಾಯುಗಳು ಬಿಗಿದು ಕೈ ನಡುಗುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಎದುರಿಗಿರುವುದು ಹಾವಲ್ಲ, ಮೂವತ್ತು ಮಂದಿ ಸಹಪಾಠಿಗಳು ಎಂಬ ವ್ಯತ್ಯಾಸವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಹಿತಕರ ನಿಜ, ಆದರೆ ಈ ಏರಿಕೆಯಿಂದಲೇ ಆರೋಗ್ಯವಂತರಿಗೆ ಅಪಾಯವಿಲ್ಲ.

ಮುಖ ಕೆಂಪಾಗುವುದರ ಬಗ್ಗೆ ಚಾರ್ಲ್ಸ್ ಡಾರ್ವಿನ್ 1872ರಲ್ಲೇ ವಿವರವಾಗಿ ಬರೆದಿದ್ದರು. ನಮ್ಮ ರೂಪದ ಬಗ್ಗೆ ನಾವು ಯೋಚಿಸಿದ ಮಾತ್ರಕ್ಕೆ ಮುಖ ಕೆಂಪೇರುವುದಿಲ್ಲ, ಇತರರು ನಮ್ಮ ಬಗ್ಗೆ ಏನೆಂದುಕೊಳ್ಳುತ್ತಾರೋ ಎಂಬ ಯೋಚನೆಯಿಂದ ಹಾಗಾಗುತ್ತದೆ ಎಂಬುದು ಅವರ ವಾದ. ಗಮನ ಎತ್ತ ತಿರುಗಿದೆ ಎಂಬ ಈ ವಿಷಯ ಒಂದು ಶತಮಾನದ ನಂತರ ಮತ್ತೆ ಮುಂದೆ ಬಂತು.

ಏನೂ ಆಗದಿದ್ದರೂ ಭಯ ಏಕೆ ಹೋಗುವುದಿಲ್ಲ?

ನೀರಿಗೆ ಹೆದರುವವರು ದಿನವೂ ಕೆರೆಗೆ ಇಳಿದರೆ ಕ್ರಮೇಣ ಹೆದರಿಕೆ ಹೋಗುತ್ತದೆ. ಜನರಿಗೆ ಹೆದರುವವರು ಬಸ್ಸಿನಲ್ಲಿ, ತರಗತಿಯಲ್ಲಿ, ಕಚೇರಿಯಲ್ಲಿ ದಿನವೂ ಜನರ ನಡುವೆಯೇ ಇರುತ್ತಾರೆ. ಅವರು ಊಹಿಸಿದ ಅನಾಹುತ ನಡೆಯುವುದು ತೀರಾ ಅಪರೂಪ. ಆದರೂ ಹತ್ತು ವರ್ಷವಾದರೂ ಭಯ ಹಾಗೆಯೇ ಇರುತ್ತದೆ. ಈ ಒಗಟಿಗೆ ಬ್ರಿಟನ್ನಿನ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ 1995ರಲ್ಲಿ ಕೊಟ್ಟ ವಿವರಣೆ ಇಂದಿಗೂ ಚಿಕಿತ್ಸೆಯ ಅಡಿಪಾಯವಾಗಿದೆ.

ಅವರು ಗುರುತಿಸಿದ ಮೊದಲ ಸಂಗತಿ, ಗಮನ ಒಳಕ್ಕೆ ತಿರುಗುವುದು. ಹೆದರಿದ ವ್ಯಕ್ತಿ ಎದುರಿನವರನ್ನು ನೋಡುವುದನ್ನು ಬಿಟ್ಟು ತನ್ನನ್ನೇ ಕಾಯತೊಡಗುತ್ತಾನೆ. ದನಿ ನಡುಗಿತೇ, ಕೈಯನ್ನು ಎಲ್ಲಿಟ್ಟುಕೊಳ್ಳಲಿ, ಮುಖ ಬಿಸಿಯಾಯಿತಲ್ಲ. ಆಮೇಲೆ ಈ ಒಳಗಿನ ಅನುಭವವನ್ನೇ ಹಿಡಿದು ಹೊರಗೆ ತಾನು ಹೇಗೆ ಕಾಣುತ್ತಿದ್ದೇನೆ ಎಂಬ ಚಿತ್ರ ಬರೆದುಕೊಳ್ಳುತ್ತಾನೆ. ಒಳಗೆ ಎದೆ ಢವಗುಟ್ಟುತ್ತಿದೆ, ಅಂದಮೇಲೆ ಎಲ್ಲರಿಗೂ ಅದು ಕಾಣುತ್ತಿದೆ ಎಂಬ ಲೆಕ್ಕ. ಎದುರಿನವರು ತಲೆಯಾಡಿಸುತ್ತಾ ಆಸಕ್ತಿಯಿಂದ ಕೇಳುತ್ತಿದ್ದರೂ ಅದನ್ನು ನೋಡಲು ಅವನ ಗಮನವೇ ಉಳಿದಿರುವುದಿಲ್ಲ.

ಎರಡನೆಯದು, ಅನಾಹುತ ತಡೆಯಲು ಮಾಡುವ ಸಣ್ಣಪುಟ್ಟ ಉಪಾಯಗಳು. ತಜ್ಞರು ಇವನ್ನು ರಕ್ಷಣಾ ವರ್ತನೆಗಳು ಎನ್ನುತ್ತಾರೆ. ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲೇ ಹತ್ತು ಸಲ ತಿದ್ದುವುದು, ಕಣ್ಣು ತಪ್ಪಿಸುವುದು, ಕೈ ನಡುಗದಂತೆ ಲೋಟವನ್ನು ಗಟ್ಟಿಯಾಗಿ ಹಿಡಿಯುವುದು, ಸಮಾರಂಭದಲ್ಲಿ ಮೊಬೈಲ್ ನೋಡುತ್ತಾ ಮೂಲೆಯಲ್ಲಿ ನಿಲ್ಲುವುದು, ಬೆವರು ಕಾಣದಂತೆ ಕಡುಬಣ್ಣದ ಅಂಗಿಯನ್ನೇ ತೊಡುವುದು, ತನ್ನತ್ತ ಪ್ರಶ್ನೆ ಬಾರದಿರಲೆಂದು ಎದುರಿನವರಿಗೇ ಪ್ರಶ್ನೆ ಹಾಕುತ್ತಾ ಹೋಗುವುದು.

ಇವುಗಳಲ್ಲಿ ತಪ್ಪೇನಿದೆ ಎನ್ನಿಸಬಹುದು. ಊರಾಚೆಯ ಹುಣಸೆಮರದಲ್ಲಿ ದೆವ್ವವಿದೆಯೆಂದು ನಂಬಿದ ಒಬ್ಬಾತ ರಾತ್ರಿ ಆ ದಾರಿಯಲ್ಲಿ ಹೋಗುವಾಗಲೆಲ್ಲ ಜೇಬಿನಲ್ಲಿ ಕಬ್ಬಿಣದ ಚೂರು ಇಟ್ಟುಕೊಳ್ಳುತ್ತಾನೆ ಎಂದುಕೊಳ್ಳಿ. ದೆವ್ವ ಒಂದು ದಿನವೂ ಎದುರಾಗುವುದಿಲ್ಲ. ಇಪ್ಪತ್ತು ವರ್ಷ ಓಡಾಡಿದರೂ ದೆವ್ವವಿಲ್ಲ ಎಂದು ಅವನು ಕಲಿಯುವುದಿಲ್ಲ. ಕಬ್ಬಿಣ ಕಾಪಾಡಿತು ಎಂದು ಕಲಿಯುತ್ತಾನೆ. ರಕ್ಷಣಾ ವರ್ತನೆ ಮಾಡುವುದೂ ಇದನ್ನೇ. ಸೆಮಿನಾರ್ ಚೆನ್ನಾಗಿ ನಡೆದರೆ "ಪ್ರತಿ ಅಕ್ಷರವನ್ನೂ ಉರು ಹೊಡೆದಿದ್ದರಿಂದ ಬಚಾವಾದೆ" ಎನ್ನಿಸುತ್ತದೆ, ಮುಂದಿನ ಸೆಮಿನಾರಿನ ಭಯ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ ಈ ಉಪಾಯಗಳು ಕೆಲವೊಮ್ಮೆ ಹೆದರಿದ್ದನ್ನೇ ತಂದಿಡುತ್ತವೆ. ಬಿಗಿಯಾಗಿ ಹಿಡಿದ ಕೈಯೇ ಹೆಚ್ಚು ನಡುಗುತ್ತದೆ. ಕಣ್ಣು ತಪ್ಪಿಸಿ ಮೊಬೈಲ್ ನೋಡುತ್ತಾ ನಿಂತವರನ್ನು ಜನ ಜಂಬಗಾರರು ಎಂದುಕೊಂಡು ದೂರ ಸರಿಯುತ್ತಾರೆ.

ಮೂರನೆಯದು ಮೆಲುಕು. ಕಾರ್ಯಕ್ರಮ ಮುಗಿದ ರಾತ್ರಿ ಹಾಸಿಗೆಯಲ್ಲಿ ಬಿದ್ದುಕೊಂಡು ಆಡಿದ ಮಾತನ್ನೆಲ್ಲ ಮತ್ತೆ ಮತ್ತೆ ಅಗಿಯುವುದು. ಆ ಹೊತ್ತಿನಲ್ಲಿ ಗಮನ ಒಳಕ್ಕೇ ಇತ್ತಲ್ಲ, ಹಾಗಾಗಿ ನೆನಪಿನಲ್ಲಿ ಉಳಿದಿರುವುದು ತನ್ನ ತಳಮಳ ಮಾತ್ರ. ಎದುರಿನವರ ನಗುಮುಖ ನೆನಪಿಗೆ ಸೇರಿರುವುದೇ ಇಲ್ಲ. ಪ್ರತಿ ಸಲ ನೆನೆದಾಗಲೂ ಘಟನೆ ಇನ್ನಷ್ಟು ಕೆಡುತ್ತದೆ, ಮುಂದಿನ ಕಾರ್ಯಕ್ರಮಕ್ಕೆ ಅದೇ ಸಾಕ್ಷಿಯಾಗುತ್ತದೆ.

ನೋಡುವವರ ಕಣ್ಣಿಗೆ ಬೀಳುವುದೆಷ್ಟು?

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸ್ವಾರಸ್ಯಕರವಾಗಿದೆ. ಅಲ್ಲಿನ ವಿದ್ಯಾರ್ಥಿಗಳಿಗೆ ಮುಜುಗರ ತರುವಂತೆ, ಬ್ಯಾರಿ ಮ್ಯಾನಿಲೋ ಎಂಬ ಗಾಯಕನ ದೊಡ್ಡ ಚಿತ್ರವಿದ್ದ ಟೀ ಶರ್ಟ್ ತೊಡಿಸಿ, ಇತರ ವಿದ್ಯಾರ್ಥಿಗಳು ಕುಳಿತಿದ್ದ ಕೋಣೆಗೆ ಒಬ್ಬೊಬ್ಬರನ್ನೇ ಕಳುಹಿಸಿದರು. ಕೋಣೆಯಲ್ಲಿದ್ದವರಲ್ಲಿ ಎಷ್ಟು ಮಂದಿ ಆ ಚಿತ್ರವನ್ನು ಗುರುತಿಸಿರಬಹುದು ಎಂದು ಕೇಳಿದಾಗ, ತೊಟ್ಟವರು ಹೆಚ್ಚುಕಡಿಮೆ ಅರ್ಧದಷ್ಟು ಎಂದರು. ನಿಜಕ್ಕೂ ಗುರುತಿಸಿದ್ದವರು ಸುಮಾರು ಕಾಲುಭಾಗ ಮಾತ್ರ. ಇವರು ಸಾಮಾಜಿಕ ಆತಂಕದ ರೋಗಿಗಳೆಂದು ಆರಿಸಿದವರಲ್ಲ, ಸಾಮಾನ್ಯ ವಿದ್ಯಾರ್ಥಿಗಳು. ಅಂದರೆ ಈ ತಪ್ಪು ಲೆಕ್ಕ ಎಲ್ಲರಲ್ಲೂ ಇರುತ್ತದೆ.

ಗಿಲೊವಿಚ್ ಮತ್ತು ಕೆನೆತ್ ಸವಿಟ್ಸ್ಕಿ 2003ರಲ್ಲಿ ಭಾಷಣದ ಬಗ್ಗೆ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಭಾಷಣಕಾರರು ತಮ್ಮ ಅಂಜಿಕೆ ಕೇಳುಗರಿಗೆ ಎಷ್ಟು ಕಾಣುತ್ತಿದೆ ಎಂದು ಭಾವಿಸಿದ್ದರೋ, ವಾಸ್ತವದಲ್ಲಿ ಅದಕ್ಕಿಂತ ಕಡಿಮೆ ಕಾಣುತ್ತಿತ್ತು. ಈ ವಿಷಯವನ್ನು ಮೊದಲೇ ತಿಳಿಸಿ ಕಳುಹಿಸಿದವರು ಉಳಿದವರಿಗಿಂತ ಚೆನ್ನಾಗಿಯೂ ಮಾತನಾಡಿದರು. ಬರಿಯ ತಿಳಿವಳಿಕೆಯೇ ಇಷ್ಟು ಮಾಡಿತೆಂಬುದು ಈ ಲೇಖನ ಓದುತ್ತಿರುವವರಿಗೂ ಸ್ವಲ್ಪ ಸಮಾಧಾನ ತರಬೇಕು.

ಅಭ್ಯಾಸ ಎಲ್ಲಿಂದ ಶುರು?

ಮೊದಲು ಒಂದು ನೋಟ್‌ಬುಕ್. ಭಯವಾದ ಒಂದು ಇತ್ತೀಚಿನ ಸಂದರ್ಭವನ್ನು ಆರಿಸಿಕೊಂಡು ನಾಲ್ಕು ವಿಷಯ ಬರೆಯಬೇಕು: ಏನಾಗುತ್ತದೆಂದು ಹೆದರಿದ್ದೆ, ಮೈಯಲ್ಲಿ ಏನಾಯಿತು, ಅನಾಹುತ ತಪ್ಪಿಸಲು ಏನೇನು ಮಾಡಿದೆ, ಆ ಹೊತ್ತಿನಲ್ಲಿ ನನ್ನ ಗಮನ ಎಲ್ಲಿತ್ತು. ಮೂರನೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಿ. ರಕ್ಷಣಾ ವರ್ತನೆಗಳು ಎಷ್ಟು ರೂಢಿಯಾಗಿರುತ್ತವೆಂದರೆ ಅವು ಕಣ್ಣಿಗೇ ಬೀಳುವುದಿಲ್ಲ. ಹೆದರಿದ್ದನ್ನು ಬರೆಯುವಾಗ "ಎಲ್ಲ ಕೆಟ್ಟುಹೋಗುತ್ತದೆ" ಎಂದು ಬರೆದರೆ ಸಾಲದು. "ನನ್ನ ದನಿ ನಡುಗುತ್ತದೆ, ಹಿಂದಿನ ಬೆಂಚಿನವರು ನಗುತ್ತಾರೆ" ಎಂದು ಬರೆದರೆ ಅದು ನಿಜವಾಯಿತೋ ಇಲ್ಲವೋ ಎಂದು ಆಮೇಲೆ ಪರೀಕ್ಷಿಸಬಹುದು.

ಎರಡನೆಯ ಹೆಜ್ಜೆ ಕ್ಲಾರ್ಕ್ ಅವರ ಚಿಕಿತ್ಸಾಕ್ರಮದಿಂದ ಬಂದದ್ದು, ಮನೆಯಲ್ಲೂ ಮಾಡಬಹುದು. ಪರಿಚಯವಿರುವ ಯಾರೊಂದಿಗಾದರೂ ಐದು ನಿಮಿಷ ಎಂದಿನಂತೆ ಮಾತನಾಡಿ, ಎಲ್ಲ ಉಪಾಯಗಳನ್ನೂ ಬಳಸಿ, ತನ್ನನ್ನೇ ಕಾಯುತ್ತಾ. ಇನ್ನೊಮ್ಮೆ ಐದು ನಿಮಿಷ ಉಪಾಯಗಳನ್ನೆಲ್ಲ ಬದಿಗಿಟ್ಟು, ಗಮನವನ್ನು ಪೂರ್ತಿ ಎದುರಿನವರ ಮಾತಿಗೆ ಕೊಟ್ಟು. ಯಾವುದರಲ್ಲಿ ಆತಂಕ ಹೆಚ್ಚಿತ್ತು, ಯಾವ ಮಾತುಕತೆ ಸರಾಗವಾಗಿತ್ತು? ಚಿಕಿತ್ಸೆಗೆ ಬಂದವರಲ್ಲಿ ಹೆಚ್ಚಿನವರಿಗೆ ಎರಡನೆಯದೇ ಹಗುರವೆನಿಸುತ್ತದೆ, ಇದು ಅವರೇ ನಿರೀಕ್ಷಿಸಿರದ ಫಲ. ಗಮನ ಹೊರಗಿತ್ತೇ ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ಮಾತು ಮುಗಿದ ಮೇಲೆ ಎದುರಿನವರು ಹೇಳಿದ ಮೂರು ಸಂಗತಿಗಳನ್ನು ನೆನಪಿಸಿಕೊಳ್ಳಿ. ಸಾಧ್ಯವಾಗದಿದ್ದರೆ ಗಮನ ಮತ್ತೆ ಒಳಕ್ಕೆ ಓಡಿತ್ತು ಎಂದರ್ಥ.

ಮೊಬೈಲ್ ಕ್ಯಾಮೆರಾವನ್ನೂ ಬಳಸಿಕೊಳ್ಳಬಹುದು. ಮೂರು ನಿಮಿಷ ಯಾವುದಾದರೂ ವಿಷಯದ ಮೇಲೆ ಮಾತನಾಡಿ ಚಿತ್ರೀಕರಿಸಿ. ನೋಡುವ ಮುನ್ನವೇ ಏನು ಕಾಣುತ್ತದೆಂದು ಬರೆದಿಡಿ: ಕೈ ಎಷ್ಟು ನಡುಗುತ್ತದೆ, ಎಷ್ಟು ಸಲ ತಡವರಿಸುತ್ತೇನೆ. ಆಮೇಲೆ ಅಪರಿಚಿತರ ವಿಡಿಯೊ ನೋಡುವಂತೆ ನೋಡಿ. ಒಳಗೆ ಎನಿಸಿದ್ದಕ್ಕೂ ಹೊರಗೆ ಕಾಣುವುದಕ್ಕೂ ಇರುವ ಅಂತರ ಸಾಮಾನ್ಯವಾಗಿ ದೊಡ್ಡದು.

ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವುದು

ಭಯದ ಸಂದರ್ಭಗಳನ್ನು ಕಡಿಮೆ ಕಷ್ಟದ್ದರಿಂದ ಹೆಚ್ಚು ಕಷ್ಟದ್ದರವರೆಗೆ ಪಟ್ಟಿಮಾಡಿ, ಕೆಳಗಿನಿಂದ ಒಂದೊಂದನ್ನೇ ಎದುರಿಸುತ್ತಾ ಹೋಗುವುದು ಈ ಚಿಕಿತ್ಸೆಯ ತಿರುಳು. ಪಟ್ಟಿ ಅವರವರದೇ ಆಗಿರಬೇಕು. ತಾಲ್ಲೂಕು ಕೇಂದ್ರದಿಂದ ಬೆಂಗಳೂರಿನ ಕಾಲೇಜಿಗೆ ಬಂದ ವಿದ್ಯಾರ್ಥಿಯ ಪಟ್ಟಿ ಹೀಗಿರಬಹುದು. ಮೊದಲು ಅಂಗಡಿಯಲ್ಲಿ ಬೆಲೆ ಕೇಳಿ ಏನೂ ಕೊಳ್ಳದೆ ಬರುವುದು. ಆಮೇಲೆ ಕಂಡಕ್ಟರ್ ಟಿಕೆಟ್ಟಿನ ಹಿಂದೆ ಬರೆದುಕೊಟ್ಟ ಚಿಲ್ಲರೆಯನ್ನು ತುಂಬಿದ ಬಸ್ಸಿನಲ್ಲಿ ದನಿಯೆತ್ತಿ ಕೇಳುವುದು (ಆತಂಕವಿಲ್ಲದವರೂ ಸೋಲುವ ಪರೀಕ್ಷೆ ಇದು). ಹಾಸ್ಟೆಲ್ಲಿನ ಊಟದ ಮೇಜಿನಲ್ಲಿ ಗೊತ್ತಿಲ್ಲದವರ ಪಕ್ಕ ಕುಳಿತು ಮಾತು ತೆಗೆಯುವುದು. ತರಗತಿಯಲ್ಲಿ ಒಂದು ಸಂದೇಹ ಕೇಳುವುದು. ಕೊನೆಗೆ ಸೆಮಿನಾರ್.

ಮೇಲಿನ ಮೆಟ್ಟಿಲು ಹತ್ತುವುದಕ್ಕಿಂತ ಅದನ್ನು ಹೇಗೆ ಹತ್ತುತ್ತೇವೆ ಎಂಬುದೇ ಮುಖ್ಯ. ಹೊರಡುವ ಮುನ್ನ ನಿರೀಕ್ಷೆಯನ್ನು ಬರೆಯಬೇಕು: "ಚಿಲ್ಲರೆ ಕೇಳಿದರೆ ಕಂಡಕ್ಟರ್ ರೇಗುತ್ತಾರೆ, ಬಸ್ಸಿನವರೆಲ್ಲ ತಿರುಗಿ ನೋಡುತ್ತಾರೆ." ಆ ಹೊತ್ತಿನಲ್ಲಿ ಕನಿಷ್ಠ ಒಂದು ರಕ್ಷಣಾ ವರ್ತನೆಯನ್ನಾದರೂ ಬಿಡಬೇಕು, ಇಲ್ಲದಿದ್ದರೆ ಕಬ್ಬಿಣ ಜೇಬಿನಲ್ಲೇ ಉಳಿಯುತ್ತದೆ. ಮುಗಿದ ಮೇಲೆ ನಡೆದದ್ದನ್ನು ಮಾತ್ರ ಬರೆಯಬೇಕು. ಎಷ್ಟು ಜನ ತಿರುಗಿ ನೋಡಿದರು, ಕಂಡಕ್ಟರ್ ಏನೆಂದರು. ಅವರು ನಿಜಕ್ಕೂ ರೇಗಿದರೆ? ಅದೂ ಉಪಯುಕ್ತವೇ. ರೇಗಿದ ಮೇಲೆ ಏನಾಯಿತು, ಎಷ್ಟು ಹೊತ್ತು ಬೇಸರ ಉಳಿಯಿತು ಎಂದು ಬರೆದಿಟ್ಟರೆ, ಭಯಪಟ್ಟದ್ದು ನಡೆದರೂ ಅದನ್ನು ತಾಳಿಕೊಳ್ಳಬಹುದು ಎಂಬ ದಾಖಲೆಯೊಂದು ಸಿಗುತ್ತದೆ.

ಮಧ್ಯದಲ್ಲೇ ಆತಂಕ ಇಳಿಯಬೇಕು, ಇಲ್ಲದಿದ್ದರೆ ಅಭ್ಯಾಸ ಸೋತಂತೆ ಎಂಬ ನಂಬಿಕೆ ಹಿಂದೆ ಇತ್ತು. ಮಿಶೆಲ್ ಕ್ರಾಸ್ಕ್ ಮೊದಲಾದ ಸಂಶೋಧಕರು ಈಗ ಹಾಗೆನ್ನುವುದಿಲ್ಲ. ಎದೆ ಕೊನೆಯವರೆಗೂ ಬಡಿದುಕೊಳ್ಳುತ್ತಿದ್ದರೂ ಚಿಂತೆಯಿಲ್ಲ. ನಿರೀಕ್ಷಿಸಿದ್ದಕ್ಕೂ ನಡೆದದ್ದಕ್ಕೂ ಇರುವ ವ್ಯತ್ಯಾಸ ಮನಸ್ಸಿಗೆ ತಟ್ಟಿದರೆ ಕಲಿಕೆ ನಡೆದಂತೆಯೇ. ಹಾಗೆಯೇ ಒಂದೇ ಸಲ ಮಾಡಿ ಬಿಟ್ಟರೆ ಪ್ರಯೋಜನವಿಲ್ಲ. ಬೇರೆ ಬೇರೆ ಜಾಗ, ಬೇರೆ ಬೇರೆ ಜನರ ನಡುವೆ ಮತ್ತೆ ಮತ್ತೆ ಮಾಡಬೇಕು.

ಬೇಕೆಂದೇ ತಪ್ಪು ಮಾಡುವುದು

ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಎಲ್ಲಿಸ್ ಯೌವನದಲ್ಲಿ ಹೆಣ್ಣುಮಕ್ಕಳ ಜೊತೆ ಮಾತನಾಡಲು ವಿಪರೀತ ಅಂಜುತ್ತಿದ್ದವರು. ತಮ್ಮ 19ನೇ ವಯಸ್ಸಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಸಸ್ಯೋದ್ಯಾನದಲ್ಲಿ ಒಂಟಿಯಾಗಿ ಕುಳಿತ ಹೆಂಗಸರ ಬೆಂಚಿಗೇ ಹೋಗಿ ಕುಳಿತು ಮಾತನಾಡಿಸುವ ಶಿಕ್ಷೆಯನ್ನು ತಮಗೆ ತಾವೇ ವಿಧಿಸಿಕೊಂಡದ್ದನ್ನು ಅವರು ಮುಂದೆ ಬಹಳ ಸಲ ಹೇಳಿಕೊಂಡಿದ್ದರು. ಸುಮಾರು 100 ಮಂದಿಯ ಜೊತೆ ಮಾತಾಯಿತು. ಒಬ್ಬಾಕೆ ಮತ್ತೆ ಭೇಟಿಯಾಗಲು ಒಪ್ಪಿದಳು, ಆಕೆಯೂ ಬರಲಿಲ್ಲ. ಆದರೆ ಯಾರೂ ಪೊಲೀಸರನ್ನು ಕರೆಯಲಿಲ್ಲ, ಆಕಾಶ ಕಳಚಿ ಬೀಳಲಿಲ್ಲ, ಅಂಜಿಕೆ ಹೋಯಿತು. ಅಪರಿಚಿತ ಹೆಂಗಸರನ್ನು ಹೀಗೆ ಬೆನ್ನುಬಿದ್ದು ಮಾತನಾಡಿಸುವುದು ಇಂದು ಯಾರೂ ಅನುಸರಿಸಬೇಕಾದ ಮಾದರಿಯಲ್ಲ. ನಮ್ಮ ಅಭ್ಯಾಸದ ಹೊರೆ ಇನ್ನೊಬ್ಬರ ಮೇಲೆ ಬೀಳಬಾರದು.

ಎಲ್ಲಿಸ್ ಇದರಿಂದ ರೂಪಿಸಿದ ವಿಧಾನ ಮಾತ್ರ ಉಳಿದಿದೆ. ಯಾರಿಗೂ ತೊಂದರೆಯಾಗದಂತೆ, ಬೇಕೆಂದೇ ಒಂದು ಸಣ್ಣ ಪೆದ್ದುತನ ಮಾಡಿ ಏನಾಗುತ್ತದೆಂದು ನೋಡುವುದು. ಔಷಧಿ ಅಂಗಡಿಯಲ್ಲಿ ಈರುಳ್ಳಿ ಇದೆಯೇ ಎಂದು ಕೇಳಬಹುದು. ಎರಡು ಬಣ್ಣದ ಕಾಲುಚೀಲ ತೊಟ್ಟು ಹೊರಗೆ ಹೋಗಬಹುದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇದರ ಉಪಯೋಗ ಬೇರೊಂದು ಬಗೆಯದು. ಇಂಗ್ಲಿಷ್ ವ್ಯಾಕರಣ ತಪ್ಪಿದರೆ ಎಂಬ ಅಂಜಿಕೆಯಿಂದ ಬಾಯಿಯೇ ಬಿಡದವರು ಬಹಳ. ಇಲ್ಲಿ ಎರಡು ತೊಡಕುಗಳು ಒಂದಾಗಿ ಹೆಣೆದುಕೊಂಡಿವೆ: ಭಾಷೆಯ ರೂಢಿ ಸಾಲದಿರುವುದು ಒಂದು, ತಪ್ಪಿದರೆ ಮಾನ ಹೋಗುತ್ತದೆ ಎಂಬ ಊಹೆ ಇನ್ನೊಂದು. ಮೊದಲನೆಯದಕ್ಕೆ ಪಾಠ ಬೇಕು. ಎರಡನೆಯದು ಪಾಠದಿಂದ ಹೋಗುವುದಿಲ್ಲ. ತಪ್ಪು ವಾಕ್ಯವನ್ನು ತಿದ್ದದೆ ಹಾಗೆಯೇ ಬಿಟ್ಟು, ಕೇಳುತ್ತಿದ್ದವರು ಏನು ಮಾಡಿದರು ಎಂದು ನೋಡಬೇಕು. ಅಣಕಿಸುವವರು ಇದ್ದೇ ಇರುತ್ತಾರೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ತರಗತಿಯ ಎಲ್ಲರೂ ಅಣಕಿಸುತ್ತಾರೆ ಎಂಬುದು ಪರೀಕ್ಷಿಸಿ ನೋಡಬೇಕಾದ ಹೇಳಿಕೆ.

ಉಸಿರಾಟ, ಧ್ಯಾನ, ಕಾಫಿ, ಮದ್ಯ

ನಿಧಾನವಾಗಿ, ಉಸಿರು ಬಿಡುವುದನ್ನು ಸ್ವಲ್ಪ ಉದ್ದ ಮಾಡಿ ಉಸಿರಾಡಿದರೆ ಮೈ ಕೊಂಚ ತಣಿಯುತ್ತದೆ. ಆದರೆ ಮಾತಿನ ನಡುವೆ ಗುಟ್ಟಾಗಿ ಉಸಿರು ಎಣಿಸುತ್ತಿದ್ದರೆ ಅದೇ ಹೊಸ ರಕ್ಷಣಾ ವರ್ತನೆ. ಧ್ಯಾನ ಮಾಡಿ ಎಂಬ ಸಲಹೆ ನಮ್ಮಲ್ಲಿ ಧಾರಾಳವಾಗಿ ಸಿಗುತ್ತದೆ. ಮನಸ್ಸಿಗೆ ಹಿತವಾದರೆ ಮಾಡಬಹುದು, ಆದರೆ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಾವಧಾನ ಧ್ಯಾನದ (ಮೈಂಡ್‌ಫುಲ್‌ನೆಸ್) ವಿಧಾನಗಳನ್ನು ಈ ತೊಂದರೆಗೆ ವಾಡಿಕೆಯ ಚಿಕಿತ್ಸೆಯಾಗಿ ಶಿಫಾರಸು ಮಾಡುವುದಿಲ್ಲ. ಹೆಚ್ಚು ಕಾಫಿ ಎದೆಬಡಿತ ಏರಿಸಿ ಆತಂಕದಂತೆಯೇ ಭಾಸವಾಗಬಹುದು. ಧೈರ್ಯಕ್ಕೆಂದು ಎರಡು ಪೆಗ್ ಹಾಕುವುದು ಎಲ್ಲಕ್ಕಿಂತ ಅಪಾಯದ ಉಪಾಯ: ಭಯ ಉಳಿಯುತ್ತದೆ, ಜೊತೆಗೆ ಚಟ ಸೇರುತ್ತದೆ.

ಮನೆಯವರಿಗೂ ಒಂದು ಮಾತು. ನೆಂಟರು ಮಗುವನ್ನು ಪ್ರಶ್ನೆ ಕೇಳಿದಾಗ ಅಮ್ಮನೇ ಉತ್ತರಿಸಿಬಿಡುವುದು, ಹತ್ತನೇ ತರಗತಿಯ ಹುಡುಗನ ಪರವಾಗಿ ಅಪ್ಪನೇ ಎಲ್ಲ ಫೋನ್ ಮಾಡುವುದು ಪ್ರೀತಿಯಿಂದಲೇ. ಆದರೆ ಆಗ ರಕ್ಷಣಾ ವರ್ತನೆ ಮನೆಮಂದಿಯದ್ದಾಗುತ್ತದೆ. ಎಲ್ಲರೆದುರು ಬಲವಂತವಾಗಿ ಹಾಡಿಸುವುದೂ ಪರಿಹಾರವಲ್ಲ. ಉತ್ತರ ಬರುವವರೆಗೆ ಸ್ವಲ್ಪ ಕಾಯುವುದು ಇವೆರಡಕ್ಕಿಂತ ಮೇಲು.

ಸ್ವಸಹಾಯ ಯಾವಾಗ ಸಾಲದು?

ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಹೊರತಂದ ಮಾರ್ಗಸೂಚಿ ವಯಸ್ಕರಿಗೆ ಮೊದಲು ಸೂಚಿಸುವುದು ತರಬೇತಿ ಪಡೆದ ಚಿಕಿತ್ಸಕರು ಒಬ್ಬೊಬ್ಬರಿಗೇ ಕೊಡುವ ಅರಿವಿನ ವರ್ತನಾ ಚಿಕಿತ್ಸೆಯನ್ನು, ಅಂದರೆ ಯೋಚನೆ ಮತ್ತು ವರ್ತನೆಗಳನ್ನು ಮೇಲಿನಂತೆ ಪರೀಕ್ಷಿಸಿ ಬದಲಿಸಿಕೊಳ್ಳುವ ಸಿಬಿಟಿಯನ್ನು. ಅದು ಬೇಡವೆನ್ನುವವರಿಗೆ ಅದೇ ತತ್ವದ ಸ್ವಸಹಾಯ ಪುಸ್ತಕವನ್ನು 3ರಿಂದ 4 ತಿಂಗಳ ಅವಧಿಯಲ್ಲಿ, ಗರಿಷ್ಠ 9 ಸಲ ತಜ್ಞರ ನೆರವು ಪಡೆಯುತ್ತಾ ಬಳಸಲು ಹೇಳುತ್ತದೆ. ಆ ನೆರವಿನ ಒಟ್ಟು ಅವಧಿ 3 ಗಂಟೆ ಮಾತ್ರ, ಫೋನಿನಲ್ಲಿಯೂ ಆಗಬಹುದು. ಸ್ವಸಹಾಯಕ್ಕೆ ಅಲ್ಲಿ ನಿಜವಾದ ಸ್ಥಾನವಿದೆ, ಆದರೆ ಕೇಳಲು ಒಬ್ಬರು ಜೊತೆಗಿರಬೇಕು ಎಂಬ ಷರತ್ತಿನೊಡನೆ. ವೈದ್ಯರು ಕೆಲವರಿಗೆ ಔಷಧಿಯನ್ನೂ ಕೊಡುತ್ತಾರೆ. ಭಾಷಣಕ್ಕೆ ಮುಂಚೆ ನುಂಗಲು ಸ್ನೇಹಿತರು ಕೊಟ್ಟ ಎದೆಬಡಿತ ಇಳಿಸುವ ಮಾತ್ರೆ ಆಸ್ತಮಾ ಇದ್ದವರಿಗೆ ಅಪಾಯಕಾರಿಯಾಗಬಹುದು, ಆದ್ದರಿಂದ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಶಾಲೆ ಅಥವಾ ಕೆಲಸ ಬಿಡುವ ಹಂತ ಬಂದಿದ್ದರೆ, ಮನೆಯಿಂದ ಹೊರಬೀಳುವುದೇ ನಿಂತಿದ್ದರೆ, ಕುಡಿತ ಹೆಚ್ಚಿದ್ದರೆ, ಖಿನ್ನತೆ ಆವರಿಸಿದ್ದರೆ ನೋಟ್‌ಬುಕ್ಕನ್ನು ನಂಬಿಕೊಂಡು ಕೂರಬಾರದು. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ತಡಮಾಡಬಾರದು. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರ ಸೇವೆ ಇದೆ. ದೇಶದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯತ್ನವೇ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಫೋನ್ ಮಾಡುವುದೇ ಭಯವಾದವರು ಮನೆಯವರಿಂದ ಕರೆ ಮಾಡಿಸಿ ಆಮೇಲೆ ತಾವು ಮಾತನಾಡಲಿ. ಹೇಳಬೇಕಾದ ಮೊದಲ ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು ಓದಿದರೂ ಅಡ್ಡಿಯಿಲ್ಲ. ರಕ್ಷಣಾ ವರ್ತನೆ ಬಿಡುವ ಅಭ್ಯಾಸವನ್ನು ಆ ಕರೆಯಿಂದಲೇ ಶುರುಮಾಡಬೇಕಾಗಿಲ್ಲ.